ಬೇರು ಎಂದವರು ನೀರೆರೆದರೆ?

‘ಜಾನಪದ ನಮ್ಮ ಸಂಸ್ಕೃತಿಯ ಬೇರು’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ದಸರೆಯ ವೇದಿಕೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಮಹಿಳಾ ಸಮಾಜದ ಸಭೆಯಿರಲಿ, ಇದನ್ನು ಹೇಳದೆ ಭಾಷಣ ಮುಗಿಯುವುದಿಲ್ಲ. ನನಗೆ ಈ ಹೊಗಳಿಕೆಯ ಮೇಲೆಯೇ ಅನುಮಾನ. ಬೇರು ಎಂದು ಕರೆದದ್ದನ್ನು ಮಣ್ಣಿನೊಳಗೇ ಇಟ್ಟುಬಿಡುವುದು ಸುಲಭ. ಹೂವಿಗೆ, ಹಣ್ಣಿಗೆ ಬೆಲೆಯುಂಟು, ಬೇರಿಗೆ ಏನುಂಟು?

ನಮ್ಮ ಕುವೆಂಪುನಗರದ ಮನೆಗಳನ್ನೇ ನೋಡಿ. ಮಗಳಿಗೆ ಭರತನಾಟ್ಯ, ಮಗನಿಗೆ ಮೃದಂಗ. ತಿಂಗಳ ಫೀಸನ್ನು ತಪ್ಪದೆ ಕೊಡುತ್ತೇವೆ, ಗುರುಗಳ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಕಛೇರಿಯ ಆಹ್ವಾನಪತ್ರಿಕೆಯಲ್ಲಿ ಹಾಡುವವರ, ಪಿಟೀಲಿನವರ, ಮೃದಂಗದವರ ಹೆಸರೆಲ್ಲ ಇರುತ್ತದೆ. ಜಾನಪದಕ್ಕೆ ಬಂದಾಗ ‘ತಂಡದವರಿಂದ ಕಾರ್ಯಕ್ರಮ’ ಎಂಬ ಒಂದೇ ಸಾಲು. ಆ ತಂಡದಲ್ಲಿ ಮನುಷ್ಯರಿಲ್ಲವೆ?

ಸಾಗರದ ಕಡೆ ದೀವರ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ. ಎಳೆಗೆ ಎಳೆ ಸೇರುವ ಲೆಕ್ಕ ತಪ್ಪಿದರೆ ಚಿತ್ತಾರ ಕೂಡುವುದಿಲ್ಲ. ಮದುವೆ ಮನೆಯ ಆ ಗೆರೆಗಳು ಈಗ ಪೇಟೆಯ ಲಗ್ನಪತ್ರಿಕೆಗೂ ಸೀರೆಯ ಸೆರಗಿಗೂ ಬಂದಿವೆ. ಮುದ್ರಿಸಿದವನಿಗೆ ದುಡ್ಡು ಸಿಕ್ಕಿತು. ಬರೆದವಳಿಗೆ?

‘ಅದಕ್ಕೆ ಶಾಸ್ತ್ರವಿಲ್ಲ, ಯಾರು ಬೇಕಾದರೂ ಮಾಡಬಹುದು’ ಎನ್ನುವವರಿದ್ದಾರೆ. ಬಳ್ಳಾರಿ ಸೀಮೆಯ ದರೋಜಿ ಈರಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ. ಅಲೆಮಾರಿ ಬುಡ್ಗ ಜಂಗಮರ ಈ ಹೆಣ್ಣುಮಗಳು ಕುಮಾರರಾಮನಂಥ ದೊಡ್ಡ ಕಾವ್ಯಗಳನ್ನು ಬುರ್ರಕಥೆಯಾಗಿ ನೆನಪಿನಿಂದಲೇ ಹಾಡುತ್ತಿದ್ದರು. 2014ರಲ್ಲಿ ತೀರಿಕೊಂಡರು. ಹತ್ತು ಫೋನ್ ನಂಬರು ನೆನಪಿಡಲಾರದ ನಾವು ಆ ವಿದ್ಯೆಯನ್ನು ಶಾಸ್ತ್ರವಲ್ಲ ಎನ್ನುವುದೆ?

ಇನ್ನು ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜವಾಗಿದ್ದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅಜ್ಜಿ ಬರೀ ಹಾಡಲಿಲ್ಲ. ಊರಿಗೆ ಬಂದ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ವರ್ಷಗಟ್ಟಲೆ ಕೇಳಿದರು. 2025ರ ಫೆಬ್ರವರಿಯಲ್ಲಿ ಕಣ್ಣು ಮುಚ್ಚುವವರೆಗೂ ಅದು ಈಡೇರಲಿಲ್ಲ. ಅವರ ಹಾಡು ನಮಗೆ ಬೇಕಾಯಿತು, ಮಾತು ಬೇಡವಾಯಿತು. ಮಣಿಸರದ ಚಿತ್ರ ಕ್ಯಾಲೆಂಡರಿಗೆ ಚೆಂದ. ಅದನ್ನು ತೊಟ್ಟವಳ ಬೇಡಿಕೆ ಮಾತ್ರ ರಾಜಕೀಯ!

‘ಟಿ.ವಿ. ಬಂತು, ಜಾನಪದ ಸತ್ತಿತು’ ಎಂದು ನಿಟ್ಟುಸಿರು ಬಿಡುವುದೂ ಒಂದು ನೆಪ. ಅದೇ ಟಿ.ವಿ. ಸಂಗೀತ ಕಛೇರಿಯನ್ನು ಕೊಲ್ಲಲಿಲ್ಲವಲ್ಲ! ಅದಕ್ಕೆ ಸಭೆಗಳಿವೆ, ಸಂಭಾವನೆಯಿದೆ, ಮರ್ಯಾದೆಯಿದೆ. ನಮ್ಮ ಮಾನಸಗಂಗೋತ್ರಿಯಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಆಯಿತು, ಎಷ್ಟೋ ವಸ್ತುಗಳು ಉಳಿದವು. ಅದು ದೊಡ್ಡ ಕೆಲಸವೇ. ಆದರೆ ಗಾಜಿನ ಹಿಂದಿನ ತೊಗಲುಗೊಂಬೆ ಕುಣಿಯುವುದಿಲ್ಲ. ಕುಣಿಸಲು ಕೈ ಬೇಕು, ಆ ಕೈಗೆ ಅನ್ನ ಬೇಕು.

ಹಳೆಯದೆಲ್ಲ ಹಾಗೇ ಇರಲಿ ಎಂಬ ವಾದ ನನ್ನದಲ್ಲ. ದೇವದಾಸಿ ಬಿಡುವುದನ್ನು ಕರ್ನಾಟಕ 1982ರಲ್ಲಿ ಕಾನೂನು ಮಾಡಿ ನಿಷೇಧಿಸಿತು; ಸರಿಯಾಗಿಯೇ ಮಾಡಿತು. ಚೌಡಿಕೆಯ ನಾದ ಉಳಿಯಲಿ, ಕೊರಳಿನ ಮುತ್ತಿನ ಬಂಧನ ಬೇಡ. ಜಾತಿಯ ಊಳಿಗವೆಂದು ತಮಟೆ ಬಡಿಯುವುದು ಬೇರೆ, ಕಲಾವಿದನಾಗಿ ಸಂಭಾವನೆ ಪಡೆದು ಬಡಿಯುವುದು ಬೇರೆ.

ಹಾಗಾದರೆ ನಾವೇನು ಮಾಡಬೇಕು? ಸರ್ಕಾರಕ್ಕೆ ಕಾಯಬೇಕಿಲ್ಲ. ನಮ್ಮ ಮಹಿಳಾ ಸಮಾಜದ ಮುಂದಿನ ಕಾರ್ಯಕ್ರಮಕ್ಕೆ ಸೋಬಾನೆ ಹಾಡುವವರನ್ನು ಕರೆಯುವಾಗ ಒಬ್ಬೊಬ್ಬರ ಹೆಸರನ್ನೂ ಅಚ್ಚು ಹಾಕಿಸೋಣ. ಶಾಲು, ಹಣ್ಣಿನ ಬುಟ್ಟಿ ಸಾಕೆನ್ನದೆ ಕಛೇರಿಯವರಿಗೆ ಕೊಡುವಷ್ಟೇ ಹಣ ಕೊಡೋಣ. ಊಟಕ್ಕೆ ನಮ್ಮ ಪಂಕ್ತಿಯಲ್ಲೇ ಎಲೆ ಹಾಕೋಣ. ಮಕ್ಕಳಿಗೆ ಬಾಡಿಗೆಯ ಗರಿ ಕಟ್ಟಿ, ರೆಕಾರ್ಡ್ ಹಾಕಿ ‘ಬುಡಕಟ್ಟು ನೃತ್ಯ’ ಮಾಡಿಸುವ ಬದಲು ಒಬ್ಬ ಸೋಲಿಗರ ಹಾಡುಗಾರ್ತಿಯನ್ನು ಬಿಳಿಗಿರಿರಂಗನ ಬೆಟ್ಟದಿಂದ ಗುರುವೆಂದು ಕರೆಸಿ, ಅವರ ಮುಂದೆ ಕೂರಿಸೋಣ.

ಇಷ್ಟೂ ಮಾಡಲಾಗದಿದ್ದರೆ, ದಯವಿಟ್ಟು ಅವರನ್ನು ಬೇರು ಎಂದು ಹೊಗಳುವುದನ್ನಾದರೂ ನಿಲ್ಲಿಸೋಣ.