ಬೀದಿಯ ಛಾಯಾಚಿತ್ರ: ಬಣ್ಣವೋ, ಕಪ್ಪು-ಬಿಳುಪೋ?



ಕಳೆದ ತಿಂಗಳು ನನ್ನ ಅಕ್ಕನ ಮೊಮ್ಮಗನು ಹುಬ್ಬಳ್ಳಿಯಿಂದ ಧಾರವಾಡದ ನಮ್ಮ ಮನೆಗೆ ಬಂದವನು, ಚಹ ಕುಡಿಯುವುದಕ್ಕೂ ಮೊದಲೇ ಚೀಲದಿಂದ ಒಂದು ಕಟ್ಟು ಛಾಯಾಚಿತ್ರಗಳನ್ನು ತೆಗೆದು ಚಾಪೆಯ ಮೇಲೆ ಹರವಿದನು. ಕಾಲೇಜಿನ ಪ್ರದರ್ಶನವೊಂದಕ್ಕೆ ಆರು ಚಿತ್ರಗಳನ್ನು ಆರಿಸಿ ಕೊಡಬೇಕಾಗಿತ್ತಂತೆ. ಎಲ್ಲವೂ ದುರ್ಗದಬೈಲು, ಬ್ರಾಡ್‌ವೇ, ಕೊಪ್ಪಿಕರ ರಸ್ತೆಗಳಲ್ಲಿ ತಿರುಗಾಡಿ, ಯಾರನ್ನೂ ಸಾಲಾಗಿ ನಿಲ್ಲಿಸದೆ, 'ಇತ್ತ ನೋಡ್ರಿ' ಎನ್ನದೆ, ಜನರು ತಮ್ಮ ಪಾಡಿಗೆ ತಾವಿರುವಾಗ ತೆಗೆದಂಥವು. ಒಂದೊಂದಕ್ಕೂ ಎರಡೆರಡು ಪ್ರತಿ. ಒಂದು ಬಣ್ಣದ್ದು, ಇನ್ನೊಂದು ಕಪ್ಪು-ಬಿಳುಪಿನದು. "ಅಜ್ಜಾ, ಯಾವುದು ಛಲೋ ಕಾಣತೈತಿ, ನೀವ ಹೇಳ್ರಿ" ಎಂದನು.

ಮಠದಲ್ಲಿ ವ್ಯಾಕರಣ, ಕಾವ್ಯಗಳನ್ನು ಓದಿ ಬಂದವನಿಗೆ ಕ್ಯಾಮೆರಾದ ಗೊಡವೆ ಏತಕ್ಕೆಂದು ತಾವು ಕೇಳಬಹುದು. ಪದ್ಯಕ್ಕೆ ಅರ್ಥ ಹೇಳಿಸುವಾಗ ನಮ್ಮ ಗುರುಗಳು ತಪ್ಪದೆ ಒಂದು ಪ್ರಶ್ನೆಯನ್ನು ಹಾಕುತ್ತಿದ್ದರು: ಈ ವಿಶೇಷಣವನ್ನು ತೆಗೆದುಬಿಟ್ಟರೆ ಪದ್ಯಕ್ಕೆ ಏನು ನಷ್ಟ? ನಷ್ಟವಿಲ್ಲವಾದರೆ ಅದು ಕೇವಲ ಪಾದಪೂರಣ. ನನಗೆ ಬಲ್ಲ ವಿದ್ಯೆ ಅದೊಂದೇ ಆದುದರಿಂದ ಆ ಪ್ರಶ್ನೆಯನ್ನೇ ಈ ಚಿತ್ರಗಳ ಬಣ್ಣಕ್ಕೂ ಹಾಕುತ್ತ ಹೋದೆನು.

ಮೊದಲನೆಯದು ಹುಬ್ಬಳ್ಳಿಯ ರಂಗಪಂಚಮಿಯ ಚಿತ್ರ. ಕಪ್ಪು-ಬಿಳುಪಿನ ಪ್ರತಿಯಲ್ಲಿ ಆ ಹುಡುಗರೆಲ್ಲ ಕೆಸರಿನ ಹೊಂಡದಿಂದ ಎದ್ದು ಬಂದವರಂತೆ ತೋರುತ್ತಿದ್ದರು! ಎರಡನೆಯದು ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತ ವ್ಯಾಪಾರಿ. ಬ್ಯಾಡಗಿ ಮೆಣಸಿನಕಾಯಿಯ ಆ ದಟ್ಟವಾದ ಕೆಂಪು ಕಪ್ಪು-ಬಿಳುಪಿನಲ್ಲಿ ಕರಿಬೂದಿಯಾಗಿ, ಅದು ಹುಣಸೆಹಣ್ಣಿನ ರಾಶಿಯೋ ಮೆಣಸಿನಕಾಯಿಯದೋ ತಿಳಿಯದಾಗಿತ್ತು. ಇದಕ್ಕೆ ಕಾರಣವುಂಟು. ಕಪ್ಪು-ಬಿಳುಪಿನ ಚಿತ್ರವು ವಸ್ತುವಿನ ಬಣ್ಣ ಯಾವುದೆಂದು ಕೇಳುವುದಿಲ್ಲ. ಅದರಿಂದ ಬರುವ ಬೆಳಕು ಎಷ್ಟೆಂಬುದನ್ನಷ್ಟೇ ಕೇಳುತ್ತದೆ. ಸಮಾನ ಕಾಂತಿಯುಳ್ಳ ಕೆಂಪೂ ಹಸಿರೂ ಅಲ್ಲಿ ಒಂದೇ ಬೂದುಬಣ್ಣವಾಗಿ ಬೆರೆತುಹೋಗುತ್ತವೆ. ಈ ಎರಡೂ ಚಿತ್ರಗಳಿಗೆ ಬಣ್ಣವೇ ಪ್ರಾಣ.

ಮೂರನೆಯದರ ಮುಂದೆ ನಾನು ಬಹಳ ಹೊತ್ತು ಕುಳಿತೆನು. ಬಸ್ಸಿಗಾಗಿ ಕಾದು ನಿಂತ ಒಬ್ಬ ವೃದ್ಧ ರೈತ. ತಲೆಗೆ ರುಮಾಲು, ಹಣೆಯ ಮೇಲೆ ವಿಭೂತಿಯ ಮೂರು ಎಳೆ, ಒಂದು ಕಡೆಯಿಂದ ಬಿದ್ದ ಸಂಜೆಯ ಬಿಸಿಲಿನಲ್ಲಿ ಕೆನ್ನೆಯ ಸುಕ್ಕುಗಳೆಲ್ಲ ಉತ್ತ ಹೊಲದ ಸಾಲುಗಳಂತೆ ಎದ್ದು ಕಾಣುತ್ತಿದ್ದವು. ಆದರೆ ಅವನ ಬೆನ್ನ ಹಿಂದಿನ ಅಂಗಡಿಯಲ್ಲಿ ಕೆಂಪು ಪ್ಲಾಸ್ಟಿಕ್ ಬಕೀಟುಗಳು ತೂಗಾಡುತ್ತಿದ್ದವು. ಬಣ್ಣದ ಪ್ರತಿಯಲ್ಲಿ ಕಣ್ಣು ಮೊದಲು ಹೋಗುವುದು ಬಕೀಟಿಗೆ. ಮುಖಕ್ಕೆ ಬರುವುದು ಆಮೇಲೆ. ಕಪ್ಪು-ಬಿಳುಪಿನಲ್ಲಿ ಬಕೀಟು ನೆರಳಿನೊಳಗೆ ಸೇರಿಹೋಗಿ, ಬಿಳಿಯ ವಿಭೂತಿಯೂ ಆ ಕಣ್ಣುಗಳೂ ಮುಂದೆ ಬಂದು ನಿಂತಿದ್ದವು. ಇದನ್ನು ಬಣ್ಣವಿಲ್ಲದೆಯೇ ಕೊಡು ಎಂದೆನು.

ಆದರೆ ಅವನನ್ನು ಅಷ್ಟಕ್ಕೇ ಬಿಡಲಿಲ್ಲ. "ತಮ್ಮಾ, ನೀ ಎರಡ ಹೆಜ್ಜಿ ಎಡಕ್ಕ ಸರದಿದ್ದರ ಆ ಬಕೀಟ ಚಿತ್ರದಾಗ ಬರತಿದ್ದಿಲ್ಲ" ಎಂದೆನು. ಕಪ್ಪು-ಬಿಳುಪನ್ನು ತಪ್ಪು ಮುಚ್ಚುವ ಸುಣ್ಣವನ್ನಾಗಿ ಬಳಸುವ ಚಟ ಈಗಿನವರಲ್ಲಿ ಬಹಳ. ತಲೆಯಿಂದಲೇ ಮೊಳೆತಂತೆ ಕಾಣುವ ವಿದ್ಯುತ್ ಕಂಬ, ಒಬ್ಬರ ಮೇಲೊಬ್ಬರು ಬಿದ್ದಂತಿರುವ ಆಕೃತಿಗಳು, ಇವು ಬಣ್ಣ ತೆಗೆದ ಮಾತ್ರಕ್ಕೆ ಹೋಗುವುದಿಲ್ಲ. ಜನರ ಬೆನ್ನುಹತ್ತಿ ಓಡುವುದಕ್ಕಿಂತ, ಒಳ್ಳೆಯ ಬೆಳಕೂ ಶುಭ್ರವಾದ ಹಿನ್ನೆಲೆಯೂ ಇರುವ ಒಂದು ಮೂಲೆಯನ್ನು ಹಿಡಿದು, ಬರಬೇಕಾದವರು ಬಂದು ನಿಲ್ಲುವವರೆಗೆ ಕಾಯುವುದು ಲೇಸು. ಫ್ರಾನ್ಸಿನ ಹೆನ್ರಿ ಕಾರ್ಟಿಯೆ-ಬ್ರೆಸನ್ (1908-2004) ಎಂಬ ಮಹಾಶಯರು ಹೀಗೆ ಕಾಯುವುದನ್ನೇ ಒಂದು ವ್ರತವನ್ನಾಗಿಸಿಕೊಂಡಿದ್ದರು. ಜನರ ಕಣ್ಣಿಗೆ ಬೀಳಬಾರದೆಂದು ತಮ್ಮ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿಯನ್ನು ಅಂಟಿಸುತ್ತಿದ್ದರು. 1948ರ ಜನವರಿಯಲ್ಲಿ ಮಹಾತ್ಮರ ಅಂತ್ಯಯಾತ್ರೆಯನ್ನು ಚಿತ್ರಿಸಿದವರಲ್ಲಿ ಅವರೂ ಒಬ್ಬರು.

ನಮ್ಮ ನಾಡಿನವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರನ್ನು ಇಲ್ಲಿ ನೆನೆಯದೆ ಇರಲಾಗದು. 1977ರಲ್ಲಿ ಪದ್ಮಶ್ರೀ ಪಡೆದ ಅವರು ಸಾಮಾನ್ಯ ಜನರ ಬದುಕನ್ನು ಬಹುವಾಗಿ ಕಪ್ಪು-ಬಿಳುಪಿನಲ್ಲಿಯೇ ಹಿಡಿದರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ನಿಮಿತ್ತವಾಗಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿತವಾದವು. ಇದಕ್ಕೆ ವ್ಯತಿರಿಕ್ತವಾಗಿ ಜಯಪುರದ ರಘುಬೀರ್ ಸಿಂಗ್ (1942-1999) ಅವರು ಬ್ರೆಸನ್ನರನ್ನು ಮೆಚ್ಚಿಯೂ ಅವರ ಕಪ್ಪು-ಬಿಳುಪನ್ನು ಒಪ್ಪಲಿಲ್ಲ. ಭಾರತೀಯರು ಲೋಕವನ್ನು ಕಾಣುವುದೇ ಬಣ್ಣದಲ್ಲಿ ಎಂಬುದು ಅವರ ನಿಲುವು. ನಮ್ಮ ಸಂತೆ, ಜಾತ್ರೆಗಳನ್ನು ಬಲ್ಲವನಿಗೆ ಈ ಮಾತನ್ನು ತಳ್ಳಿಹಾಕುವುದು ಕಷ್ಟ. ಆದರೂ ಒಂದು ಸಂಗತಿ ಮರೆಯಬಾರದು. ಆಗಿನ ಪತ್ರಿಕೆಗಳು ಅಚ್ಚಾಗುತ್ತಿದ್ದುದೇ ಬಹುಮಟ್ಟಿಗೆ ಕಪ್ಪು-ಬಿಳುಪಿನಲ್ಲಿ. ಹಿಂದಿನವರಿಗೆ ಅದು ಎಷ್ಟೋ ಸಲ ಆಯ್ಕೆಯಾಗಿರದೆ ಅನಿವಾರ್ಯವಾಗಿತ್ತು. ಇಂದಿನ ಮೊಬೈಲು ಬಣ್ಣದಲ್ಲಿಯೇ ತೆಗೆಯುತ್ತದೆ. ಕಪ್ಪು-ಬಿಳುಪನ್ನು ಆಮೇಲೆ ಮಾಡಿಕೊಳ್ಳಬಹುದು. ಮೂಲದ ಬಣ್ಣದ ಪ್ರತಿಯನ್ನು ಮಾತ್ರ ಎಂದೂ ಅಳಿಸಬೇಡ ಎಂದು ಹುಡುಗನಿಗೆ ಕಟ್ಟಪ್ಪಣೆ ಮಾಡಿದೆನು. ಅದಕ್ಕೆ ನನ್ನದೇ ಆದ ಕಾರಣವಿದೆ, ಮುಂದೆ ಹೇಳುತ್ತೇನೆ.

ಕಟ್ಟಿನ ಕೊನೆಯಲ್ಲಿ ಇನ್ನೊಂದು ಚಿತ್ರವಿತ್ತು. ದುರ್ಗದಬೈಲಿನಲ್ಲಿ ಮಧ್ಯಾಹ್ನದ ಬಿಸಿಲಿಗೆ, ತನ್ನ ಕಾಯಿಪಲ್ಲೆಯ ಬುಟ್ಟಿಗೆ ಒರಗಿ, ಬಾಯಿ ತೆರೆದು ನಿದ್ದೆಹೋದ ಒಬ್ಬ ತಾಯಿ. ರಚನೆಯ ದೃಷ್ಟಿಯಿಂದ ಎಲ್ಲಕ್ಕಿಂತ ಅದೇ ಮೇಲು, ಸಂದೇಹವಿಲ್ಲ. ಆದರೂ ಇದು ಬೇಡ ಎಂದೆನು. "ಅಕಿಗೇನೂ ಗೊತ್ತಾಗೂದಿಲ್ಲಲ್ಲ ಅಜ್ಜಾ" ಎಂದನು. ನಾನು ಉತ್ತರ ಹೇಳಲಿಲ್ಲ. ಕಪಾಟಿನಿಂದ ನನ್ನ ತಾಯಿಯ ಚಿತ್ರವನ್ನು ತಂದು ಅದರ ಪಕ್ಕದಲ್ಲಿಟ್ಟೆನು.

1973ರ ಮಾತು. ನಾನು ಮಠದ ಉಚಿತ ಪ್ರಸಾದ ನಿಲಯದಲ್ಲಿ ಓದುತ್ತಿದ್ದ ಬಾಲಕ. ಮಾಘಮಾಸದಲ್ಲಿ ಉಳವಿಯ ಜಾತ್ರೆಗೆ ಹೊರಟ ಚಕ್ಕಡಿಗಳು ಧಾರವಾಡವನ್ನು ಹಾಯ್ದು ಹೋಗುವುದು ತಮಗೆ ತಿಳಿದುದೇ. ನಮ್ಮೂರ ಚಕ್ಕಡಿಯಲ್ಲಿ ಬಂದಿದ್ದ ತಾಯಿಯು ರಸ್ತೆಯ ಬದಿಗೆ ಕುಳಿತು ಬುತ್ತಿಯ ಗಂಟು ಬಿಚ್ಚಿ ನನಗೆ ರೊಟ್ಟಿ ಮುರಿದು ಕೊಡುತ್ತಿದ್ದಳು. ಯಾರೋ ಒಬ್ಬ ಛಾಯಾಗ್ರಾಹಕರು ನಮಗರಿವಿಲ್ಲದೆಯೇ ಅದನ್ನು ಹಿಡಿದರು. ಆಮೇಲೆ ಹತ್ತಿರ ಬಂದು ತಾಯಿಗೆ ಕೈಮುಗಿದು, ನಾನಿರುವ ಮಠವನ್ನು ಕೇಳಿಕೊಂಡು ಹೋದವರು, ಎಂಟು ದಿನಗಳ ಮೇಲೆ ಅಂಗೈಯಗಲದ ಪ್ರತಿಯೊಂದನ್ನು ತಂದುಕೊಟ್ಟರು. ಹಣದ ಮಾತೆತ್ತಲಿಲ್ಲ. ನಮ್ಮ ತಾಯಿಯದೆಂದು ಜಗತ್ತಿನಲ್ಲಿ ಉಳಿದಿರುವ ಚಿತ್ರ ಅದೊಂದೇ.

ಮುಖ, ರೊಟ್ಟಿ ಮುರಿಯುವ ಬೆರಳು, ಕೈಬಳೆ ಎಲ್ಲವೂ ಅದರಲ್ಲಿ ನಿಚ್ಚಳವಾಗಿವೆ. ಇಳಕಲ್ಲ ಸೀರೆಯ ಸೆರಗಿನ ಬಿಳಿಯ ತೆನೆಗಳನ್ನು ಎಣಿಸಬಹುದು. ಆದರೆ ಸೀರೆಯ ಒಡಲಿನ ಬಣ್ಣವಾವುದು? ದಾಳಿಂಬದ ಕೆಂಪೆಂದು ನಾನು. ನವಿಲು ಹಸಿರೆಂದು ಅಕ್ಕ. ಚಿತ್ರದಲ್ಲಿ ಒಡಲೂ ಕೆಂಪು ಸೆರಗೂ ಒಂದೇ ಬೂದು. ಅದರಿಂದ ಇಬ್ಬರ ಮಾತೂ ಸಿದ್ಧವಾಗುವುದಿಲ್ಲ, ಬಿದ್ದುಹೋಗುವುದೂ ಇಲ್ಲ. ಐವತ್ತು ವರ್ಷಗಳಿಂದ ಈ ವ್ಯಾಜ್ಯ ನಡೆದಿದೆ. ತಾಯಿಯನ್ನು ನೋಡಲು ಬಣ್ಣ ಬೇಕಿಲ್ಲವೆಂದು ನಾನು ಒಪ್ಪುತ್ತೇನೆ. ಆದರೂ ಆ ಸೀರೆಯ ಬಣ್ಣ ಬೇಕಾಗಿತ್ತು.

ಹುಡುಗನು ಎರಡೂ ಚಿತ್ರಗಳನ್ನು ಬಹಳ ಹೊತ್ತು ನೋಡಿದನು. ಮಲಗಿದ ತಾಯಿಯ ಚಿತ್ರವನ್ನು ಆರರಲ್ಲಿ ಸೇರಿಸಲಿಲ್ಲ. ಅಳಿಸಿದನೋ ಇಲ್ಲವೋ ನಾನು ಕೇಳಲಿಲ್ಲ.

ಆಮೇಲೆ ತಾಯಿಯ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋದನು. ಹಳೆಯ ಚಿತ್ರಗಳಿಗೆ ತಾನೇ ಊಹಿಸಿ ಬಣ್ಣ ತುಂಬುವ ಯಂತ್ರವಿದ್ಯೆ ಈಗ ಬಂದಿದೆಯಷ್ಟೆ? ಮರುವಾರ ಅದನ್ನು ಅಕ್ಕನಿಗೆ ತೋರಿಸಿದನಂತೆ. ಯಂತ್ರವು ಸೀರೆಗೆ ತಿಳಿನೀಲಿಯನ್ನು ಬಳಿದಿತ್ತು. ಅಕ್ಕ ಕನ್ನಡಕ ಏರಿಸಿಕೊಂಡು ನೋಡಿ, "ಅವ್ವ ಅದಾಳ ಖರೆ, ಸೀರಿ ಯಾರದೋ ಉಟ್ಕೊಂಡಾಳ" ಎಂದು ಮೊಬೈಲನ್ನು ಹಿಂದಕ್ಕೆ ಕೊಟ್ಟಳಂತೆ.