ನಿಲ್ಲುವ ಸ್ವಾತಂತ್ರ್ಯ

ನಿವೃತ್ತಿಯ ನಂತರ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಗೆ ಹೋದಾಗಲೆಲ್ಲ ನಸುಕಿನಲ್ಲಿ ಓಡುವುದು ನನ್ನ ರೂಢಿ. ಹೊಲಕ್ಕೆ ಹೊರಟಿದ್ದ ಹಿರಿಯರೊಬ್ಬರು ಒಮ್ಮೆ, ‘ಯಾಕ್ರೀ ಸಾಹೇಬ್ರ, ಯಾರರ ಬೆನ್ನ ಹತ್ಯಾರೇನು?’ ಎಂದು ಕೇಳಿದರು. ನಕ್ಕು ಮುಂದೆ ಸಾಗಿದೆನಾದರೂ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಯಾರೂ ಬೆನ್ನಟ್ಟದಿರುವಾಗ ಅರವತ್ತು ದಾಟಿದವರು ಓಡುವುದೇಕೆ? ಗಾಯಗೊಂಡ ಮೇಲೂ ಗುರಿ ಮುಟ್ಟಲೇಬೇಕೆಂಬ ಹಟವೇಕೆ?

2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್‌ನ ಅಂತಿಮ ಗೆರೆಯ ಬಳಿ ಬಾಂಬ್ ಸಿಡಿದಾಗ, 78 ವರ್ಷದ ಹವ್ಯಾಸಿ ಓಟಗಾರ ಬಿಲ್ ಇಫ್ರಿಗ್ ನೆಲಕ್ಕುರುಳಿದರು. ತರಚುಗಾಯವಾಗಿದ್ದರೂ ಮೇಲೆದ್ದು, ಉಳಿದಿದ್ದ ಕೆಲವೇ ಮೀಟರುಗಳನ್ನು ನಡೆದು ಓಟ ಪೂರೈಸಿದರು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಟಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ, ಪೆಟ್ಟಾದ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತ ಕೊನೆಯವರಾಗಿ ಗುರಿ ಸೇರಿದರು. ಇಬ್ಬರನ್ನೂ ಜಗತ್ತು ಕೊಂಡಾಡಿದ್ದು ನ್ಯಾಯವೇ.

ಆದರೆ ಈ ನಿದರ್ಶನಗಳನ್ನು ಎಲ್ಲರಿಗೂ ಅನ್ವಯಿಸುವುದು ಅಪಾಯಕಾರಿ. ಇಫ್ರಿಗ್ ಅವರಿಗೆ ಉಳಿದಿದ್ದ ದೂರ ಅತ್ಯಲ್ಪ. ಅಖ್ವಾರಿ ತಮ್ಮ ದೇಶದ ಪ್ರತಿನಿಧಿ, ವಯಸ್ಸಿನಲ್ಲೂ ಕಿರಿಯರು. ಮೂವತ್ತನೇ ಕಿಲೋಮೀಟರಿನಲ್ಲಿ ಮಂಡಿ ಊದಿಕೊಂಡ ಹಿರಿಯ ಹವ್ಯಾಸಿಯ ಮುಂದೆ ಇನ್ನೂ ಹನ್ನೆರಡು ಕಿಲೋಮೀಟರ್ ಇರುತ್ತದೆ. ಕೈಬಿಟ್ಟುಹೋದ ವೆಚ್ಚವನ್ನು ನೋಡಿ ಮುಂದಿನ ನಿರ್ಧಾರ ಮಾಡಬಾರದೆಂದು ಅರ್ಥಶಾಸ್ತ್ರ ಹೇಳುತ್ತದೆ. ಓಡಿದ ಮೂವತ್ತು ಕಿಲೋಮೀಟರ್ ಅಂತಹುದೇ ವೆಚ್ಚ. ಲೆಕ್ಕ ಹಾಕಬೇಕಾದದ್ದು ನಾಳೆಯ ಮಂಡಿಯನ್ನು.

ಈ ಪಾಠ ತಿಳಿದೂ ನಾನೊಮ್ಮೆ ತಪ್ಪಿದ್ದೇನೆ. ಮೀನಖಂಡದ ನೋವನ್ನು ಲೆಕ್ಕಿಸದೆ ಓಟ ಮುಗಿಸಿದೆ. ಗೆರೆ ದಾಟಿದ ಕ್ಷಣದ ಹಿಗ್ಗನ್ನು ಇಂದಿಗೂ ಅಲ್ಲಗಳೆಯಲಾರೆ. ಆದರೆ ಮುಂದಿನ ಐದು ತಿಂಗಳು ಮೆಟ್ಟಿಲು ಹತ್ತುವುದೇ ದುಸ್ತರವಾಯಿತು. ಆ ನೋವು ನಾನಾಗಿ ಕೊಂಡುಕೊಂಡದ್ದು. ವಿಶ್ರಾಂತಿಗೆ ಪಿಂಚಣಿಯ ಆಸರೆಯಿತ್ತು, ಆರೈಕೆಗೆ ಮನೆಯವರಿದ್ದರು.

ಜಾಲಹಳ್ಳಿಯ ಸುತ್ತಲಿನ ಹೊಲಗಳಲ್ಲಿ ನನ್ನ ವಯಸ್ಸಿನ ಮಹಿಳೆಯರು ಮಂಡಿನೋವಿನಲ್ಲೇ ಬಾಗಿ ಹತ್ತಿ ಬಿಡಿಸುತ್ತಾರೆ. ಅವರ ಸಹನೆಗೆ ಪದಕವಿಲ್ಲ; ಅದು ಸ್ವಇಚ್ಛೆಯ ಹಟವೂ ಅಲ್ಲ. ಕೆಲಸ ನಿಲ್ಲಿಸಿದರೆ ಅಂದಿನ ಕೂಲಿ ಇಲ್ಲ. 65 ದಾಟಿದ ಬಡವರಿಗಾಗಿ ಇರುವ ಸಂಧ್ಯಾ ಸುರಕ್ಷಾ ಮಾಸಾಶನವನ್ನು ರಾಜ್ಯ ಸರ್ಕಾರ 2021ರಲ್ಲಿ 1,200 ರೂಪಾಯಿಗೆ ಏರಿಸಿತು. ದಿನಕ್ಕೆ ಲೆಕ್ಕ ಹಾಕಿದರೆ ನಲವತ್ತು ರೂಪಾಯಿ. ಇದನ್ನು ನೆಚ್ಚಿ ಯಾರು ತಾನೇ ದುಡಿಮೆಯಿಂದ ವಿರಮಿಸಲು ಸಾಧ್ಯ?

ಗಾಯಗೊಂಡೂ ಗುರಿ ಮುಟ್ಟಿದ ಹಿರಿಯ ಓಟಗಾರರಿಗೆ ಚಪ್ಪಾಳೆ ತಟ್ಟೋಣ. ಅರ್ಧದಲ್ಲೇ ವಿವೇಕದಿಂದ ನಿಂತವರನ್ನೂ ಸೋತವರೆಂದು ಕಾಣದಿರೋಣ. ನಿಲ್ಲಬೇಕೆನಿಸಿದಾಗ ನಿಲ್ಲಬಲ್ಲದ್ದು ಕೆಲವರ ಭಾಗ್ಯ. ಅದನ್ನು ಎಲ್ಲ ವೃದ್ಧರ ಹಕ್ಕಾಗಿಸುವುದು ಸರ್ಕಾರದ ಹೊಣೆ. ಗೌರವದಿಂದ ಬದುಕಲು ಸಾಲುವಷ್ಟು ಮಾಸಾಶನ, ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಯತವಾಗಿ ದೊರೆಯುವ ಮಂಡಿ ಚಿಕಿತ್ಸೆ ಅದರ ಮೊದಲ ಹೆಜ್ಜೆಯಾಗಲಿ.

ಆ ಹಿರಿಯರಿಗೆ ನಾನು ಕೊಡಬೇಕಿದ್ದ ಉತ್ತರ ಈಗ ಹೊಳೆಯುತ್ತಿದೆ. ನನ್ನನ್ನು ಯಾರೂ ಬೆನ್ನಟ್ಟಿರಲಿಲ್ಲ. ಬೆನ್ನು ಹತ್ತಿದ್ದು ಅವರಿಗೇ, ಹೊಟ್ಟೆಯ ಪ್ರಶ್ನೆ.