ಭೂಪಟದಲ್ಲಿ ಊರ ಹೆಸರು

ಊರು, ಹೊಳೆ, ಗಿರಿಗಳ ಹೆಸರನ್ನು ಭೂಪಟದಲ್ಲಿ ಬರೆಯುವ ಅಧಿಕಾರವು ಬಹುಕಾಲ ಸರ್ವೆ ಇಲಾಖೆಯವರದಾಗಿದ್ದಿತು. ಈಗ ಅದು ಮೊಬೈಲು ಹಿಡಿದ ಪ್ರತಿಯೊಬ್ಬನ ಕೈಗೂ ಬಂದಿದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ಸಾರ್ವಜನಿಕ ಭೂಪಟದಲ್ಲಿ ಯಾರು ಬೇಕಾದರೂ ಹೆಸರನ್ನು ಸೇರಿಸಬಹುದು, ತಿದ್ದಬಹುದು. ಭಾರತ ಸರ್ಕಾರದವರೂ 2021ರ ಫೆಬ್ರವರಿಯಲ್ಲಿ ಭೂಪಟ ರಚನೆಯ ಮೇಲಿದ್ದ ಹಳೆಯ ನಿರ್ಬಂಧಗಳನ್ನು ನಮ್ಮ ದೇಶೀಯರ ಮಟ್ಟಿಗೆ ಬಹುವಾಗಿ ಸಡಿಲಿಸಿದರು. ಅಧಿಕಾರವು ಬಂದಲ್ಲಿ ಹೊಣೆಯೂ ಬರುವುದು. ಆ ಹೊಣೆಯನ್ನು ನಮ್ಮ ಜಿಲ್ಲೆಯವರು ಅರಿತಿರುವರೇ ಎಂಬುದೇ ಪ್ರಕೃತ ಪ್ರಶ್ನೆ.

ನಮ್ಮ ಕಸಬೆಯನ್ನೇ ತೆಗೆದುಕೊಳ್ಳೋಣ. ರುಕ್ಮಾಂಗದ ರಾಯನು ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟದ್ದು ಚಿಕ್ಕಮಗಳೂರು, ಹಿರಿಯಳಿಗೆ ಕೊಟ್ಟದ್ದು ಹಿರೇಮಗಳೂರು ಎಂಬ ಐತಿಹ್ಯವನ್ನು ಕೇಳದವರಿಲ್ಲ. ಶಾಸನಗಳಲ್ಲಿಯಾದರೋ ಕಾಣುವ ಹೆಸರುಗಳು ಕಿರಿಯ ಮುಗುಳಿ, ಪಿರಿಯ ಮುಗುಳಿ. ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿದ್ದಿತು. 2014ರ ನವೆಂಬರ್ 1ರಂದು ಸರ್ಕಾರದವರು ರಾಜ್ಯದ ಹನ್ನೆರಡು ನಗರಗಳ ಹೆಸರನ್ನು ಬದಲಿಸಿದಾಗ ನಮ್ಮ ಊರಿನ ಮಟ್ಟಿಗೆ ಬದಲಾದದ್ದು ಇಂಗ್ಲಿಷ್ ಬರಹ ಮಾತ್ರ. ಕನ್ನಡಿಗನ ಬಾಯಲ್ಲಿ ಅದು ಮೊದಲೂ ಚಿಕ್ಕಮಗಳೂರೇ, ಈಗಲೂ ಚಿಕ್ಕಮಗಳೂರೇ. ಹೀಗೆ ಒಂದು ಸ್ಥಳದ ಹೆಸರಿಗೆ ಐತಿಹ್ಯ, ಶಾಸನ, ಆಡಳಿತ, ಜನರ ನಾಲಗೆ ಎಂಬ ನಾಲ್ಕು ಆಧಾರಗಳಿರುತ್ತವೆ. ಒಂದನ್ನು ಉಳಿಸುವುದಕ್ಕಾಗಿ ಮಿಕ್ಕವನ್ನು ಅಳಿಸುವುದು ವಿವೇಕವಲ್ಲ.

ಅಳಿಸಬೇಕಾದ ಅವಶ್ಯಕತೆಯೂ ಇಲ್ಲ. ಮೇಲ್ಕಂಡ ಭೂಪಟದಲ್ಲಿ ರೂಢಿಯ ಹೆಸರು, ಸರ್ಕಾರಿ ಹೆಸರು, ಹಳೆಯ ಹೆಸರು, ಪರ್ಯಾಯ ಹೆಸರು, ಕನ್ನಡದ ಹೆಸರು ಎಂದು ಬೇರೆಬೇರೆ ಅಂಕಣಗಳುಂಟು. ಯಾರು, ಎಂದು, ಏನನ್ನು ತಿದ್ದಿದರೆಂಬ ಲೆಕ್ಕವೂ ಉಳಿದಿರುತ್ತದೆ. ಮೂಡಿಗೆರೆ ತಾಲ್ಲೂಕಿನ ಅಂಗಡಿಯು ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು, ಶಶಕಪುರವೆಂಬುದೂ ಅದೇ. ‘ಅಂಗಡಿ’ಯನ್ನು ಅಳಿಸಿ ‘ಸೊಸೆವೂರು’ ಎಂದು ಬರೆದರೆ ಬಸ್ಸು ಹತ್ತುವವನಿಗೆ ದಾರಿ ತಪ್ಪುವುದು. ‘ಸೊಸೆವೂರ’ನ್ನು ಬರೆಯದೆಯೇ ಬಿಟ್ಟರೆ ನಾಡಿನ ಚರಿತ್ರೆಯೇ ದಾರಿ ತಪ್ಪುವುದು. ಎರಡಕ್ಕೂ ಸ್ಥಳವಿರುವಾಗ ಜಗಳವೇಕೆ? ಕನ್ನಡದ ಅಂಕಣವನ್ನಂತೂ ಬರಿದಾಗಿ ಬಿಡಲೇಬಾರದು. ಕಳಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಬರೆದರೆ, ಹೊರಗಿನವನು ಅದನ್ನು ‘ಕಲಸ’ವೆಂದು ಓದಿದರೆ ತಪ್ಪು ಅವನದಲ್ಲ.

ಇನ್ನು ಎಲ್ಲರೂ ಹೇಳಲು ಅಂಜುವ ಮಾತಿಗೆ ಬರೋಣ. ನಮ್ಮ ಗಿರಿಯ ಹೆಸರೇನು? ಚಂದ್ರದ್ರೋಣವೇ, ಬಾಬಾಬುಡನ್‌ಗಿರಿಯೇ, ದತ್ತಪೀಠವೇ? ಶಾಂತಚಿತ್ತದಿಂದ ನೋಡಿದರೆ ಇಲ್ಲಿರುವುದು ಒಂದೇ ವಸ್ತುವಲ್ಲ. ಅರ್ಧಚಂದ್ರಾಕಾರವಾದ ಪರ್ವತಶ್ರೇಣಿಯೊಂದು, ಅದರೊಳಗಿನ ಗಿರಿಯೊಂದು, ಗಿರಿಯಲ್ಲಿನ ಪುಣ್ಯಗುಹೆಯೊಂದು, ಕಂದಾಯ ದಾಖಲೆಯ ‘ಇನಾಂ ದತ್ತಾತ್ರೇಯ ಪೀಠ’ವೆಂಬ ಗ್ರಾಮವೊಂದು. ನಾಲ್ಕನ್ನೂ ಬೇರೆಬೇರೆಯಾಗಿ ಗುರುತಿಸಿದರೆ ಅರ್ಧ ವಿವಾದವು ತಾನಾಗಿಯೇ ಕರಗುವುದು. ಉಳಿದರ್ಧಕ್ಕೆ ಸರ್ಕಾರಿ ಕಾಗದಪತ್ರಗಳೇ ದಾರಿ ತೋರಿಸಿವೆ. ದಶಕಗಳ ವ್ಯಾಜ್ಯದ ಕಡತಗಳಲ್ಲಿ ಆ ಸಂಸ್ಥೆಯನ್ನು ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ ಎಂದು ಎರಡೂ ಹೆಸರು ಕೂಡಿಸಿಯೇ ಕರೆದಿರುವಾಗ, ರಾತ್ರೋರಾತ್ರಿ ಒಬ್ಬನು ಒಂದನ್ನು ಅಳಿಸುವುದೂ, ಮರುದಿನ ಮತ್ತೊಬ್ಬನು ಇನ್ನೊಂದನ್ನು ಅಳಿಸುವುದೂ ದೇಶಾಭಿಮಾನವೂ ಅಲ್ಲ, ದೈವಭಕ್ತಿಯೂ ಅಲ್ಲ. ಹಕ್ಕಿನ ನಿರ್ಣಯವು ನ್ಯಾಯಸ್ಥಾನದ ಕೆಲಸ. ಜನರು ಏನೆಂದು ಕರೆಯುತ್ತಾರೆಂಬುದನ್ನು ಹೇಳುವುದಷ್ಟೇ ಭೂಪಟದ ಕೆಲಸ.

ಈ ಮಾತನ್ನು ನಾವು ಆಡುವುದಕ್ಕೆ ಇನ್ನೊಂದು ಕಾರಣವುಂಟು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಮಂಜೇಶ್ವರ, ಮಧೂರು ಮೊದಲಾದ ಊರುಗಳ ಹೆಸರನ್ನು ಮಲಯಾಳದ ರೂಪಕ್ಕೆ ತಿರುಗಿಸಲಾಗುವುದೆಂಬ ಸುದ್ದಿಯು 2021ರ ಜೂನ್ ತಿಂಗಳಲ್ಲಿ ಹಬ್ಬಿದಾಗ ಕನ್ನಡನಾಡು ಒಂದೇ ಕಂಠದಿಂದ ಪ್ರತಿಭಟಿಸಿತು. ಅಂತಹ ಯೋಚನೆಯೇ ಇಲ್ಲವೆಂದು ಕೇರಳ ಸರ್ಕಾರದವರು ತಿಳಿಸಿದರು. ಅಂದು ನಮ್ಮ ವಾದವೇನಿದ್ದಿತು? ಅಲ್ಲಿ ವಾಸಿಸುವವರು ತಲೆಮಾರುಗಳಿಂದ ಕರೆದುಬಂದ ಹೆಸರನ್ನು ಸಂಖ್ಯಾಬಲದಿಂದಾಗಲಿ ಅಧಿಕಾರಬಲದಿಂದಾಗಲಿ ಅಳಿಸಕೂಡದೆಂದಲ್ಲವೇ? ಗಡಿಯಾಚೆ ನ್ಯಾಯವಾದದ್ದು ಗಡಿಯೀಚೆ ಅನ್ಯಾಯವಾಗಲಾರದು. ದೂರದ ಅಮೆರಿಕದ ಡೆನಾಲಿ ಶಿಖರವನ್ನೂ ನೋಡಿ: 1917ರಲ್ಲಿ ಸರ್ಕಾರದವರು ಅದನ್ನು ಮೆಕಿನ್ಲಿ ಎಂದರು, 2015ರಲ್ಲಿ ಡೆನಾಲಿ ಎಂದರು, 2025ರಲ್ಲಿ ಮತ್ತೆ ಮೆಕಿನ್ಲಿ ಎಂದರು. ಆಜ್ಞೆಗಳು ಬದಲಾಗುತ್ತಿದ್ದರೂ ಅಲ್ಲಿಯ ಮೂಲನಿವಾಸಿಗಳ ಡೆನಾಲಿಯು ಅಳಿಯಲಿಲ್ಲ.

ಇಷ್ಟು ಹೆಸರುಗಳಿಂದ ಗೊಂದಲವೇ ಹೆಚ್ಚುವುದೆಂದು ಕೆಲವು ಅಧಿಕಾರಿಗಳು ಆಕ್ಷೇಪಿಸಬಹುದು. ಅನುಭವವು ಬೇರೆ ಪಾಠವನ್ನು ಹೇಳುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳು ಕುಸಿದುದನ್ನು ವಾಚಕರು ಮರೆತಿರಲಾರರು. ಅಂತಹ ರಾತ್ರಿಯಲ್ಲಿ ಸಹಾಯಕ್ಕಾಗಿ ಕೂಗುವವನು ಪಹಣಿಯ ಹೆಸರನ್ನು ಹೇಳುವುದಿಲ್ಲ. ತನ್ನ ಹಟ್ಟಿಯ, ತೋಟದ ಲೈನಿನ, ಹಳ್ಳದ ಹೆಸರನ್ನು ಹೇಳುತ್ತಾನೆ. ಆ ಹೆಸರು ಭೂಪಟದಲ್ಲಿಲ್ಲದಿದ್ದರೆ ಬರುವ ವಾಹನವು ಎತ್ತ ಹೋಗಬೇಕು?

ಆದುದರಿಂದ ನಮ್ಮ ಸೂಚನೆಗಳಿವು. ಸ್ಥಳದಲ್ಲಿ ನಡೆಯುತ್ತಿರುವ ಹೆಸರೇ ಮೊದಲನೆಯದಾಗಲಿ. ಹಳೆಯ ಹೆಸರಿಗೆ ಶಾಸನದ ಅಥವಾ ದಾಖಲೆಯ ಆಧಾರವನ್ನೂ ಕಾಲವನ್ನೂ ನಮೂದಿಸಲಿ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಲಿ. ವಿವಾದವಿರುವಲ್ಲಿ ಎರಡು ಪಕ್ಷದ ಹೆಸರೂ ಇರಲಿ. ಇನ್ನೊಬ್ಬರ ಹೆಸರನ್ನು ಯಾರೂ ಅಳಿಸದಿರಲಿ. ದಾಖಲೆಯಲ್ಲಿ ಮಾತ್ರ ಉಳಿದಿರುವ ಬೇಚಿರಾಕ್ ಗ್ರಾಮಗಳ ಹೆಸರನ್ನು ತಾಲ್ಲೂಕು ಕಚೇರಿಯವರು ಸಾರ್ವಜನಿಕರಿಗೆ ಒದಗಿಸಲಿ. ಶಾಲೆಯ ಉಪಾಧ್ಯಾಯರು ವಿದ್ಯಾರ್ಥಿಗಳೊಡನೆ ಹಳ್ಳಿಯ ವೃದ್ಧರ ಬಳಿಗೆ ಹೋಗಿ, ಕೆರೆ, ಕಣಿವೆ, ಬನಗಳ ಹೆಸರನ್ನು ಕೇಳಿ ಬರೆದುಕೊಳ್ಳಲಿ.

ಕಲ್ಲಿನಲ್ಲಿ ಕೆತ್ತಿದ ಮುಗುಳಿಯು ಉಳಿದುಕೊಂಡಿತು. ಬಾಯಲ್ಲಿ ಮಾತ್ರ ಉಳಿದಿರುವ ಹೆಸರುಗಳಿಗೆ ಕಲ್ಲಿನ ಆಸರೆಯಿಲ್ಲ. ಅವನ್ನು ಬಲ್ಲ ಹಿರಿಯರು ವರ್ಷೇವರ್ಷೇ ಕಡಿಮೆಯಾಗುತ್ತಿದ್ದಾರೆ. ಒಂದು ಹೆಸರಿಗಾಗಿ ನಾವು ಹೋರಾಡುತ್ತಿರುವಾಗ ನೂರು ಹೆಸರುಗಳು ಸದ್ದಿಲ್ಲದೆ ಮರೆಯಾಗದಿರಲೆಂದು ಈ ವಿಜ್ಞಾಪನೆ.